‘ಚೆಲ್ಲದ ಡಬ್ಬಿ’ ಮತ್ತು ಇತರರು

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಲೈಬ್ರರಿಗೆ ನಾನು ಭಾನುವಾರ ಹೋಗುವುದು ಫ್ಯಾನಿಗಾಗಿ. ಓದುವುದಕ್ಕೆ ಎಂದರೆ ಸುಳ್ಳಾಗುತ್ತದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ದಪ್ಪ ಅಕ್ಷರವಾದರೆ ಓದುತ್ತೇನೆ, ಸಣ್ಣ ಅಕ್ಷರವಾದರೆ ಚಿತ್ರ ನೋಡುತ್ತೇನೆ. ಭಾನುವಾರ ಮನೆಯಲ್ಲಿ ಟಿವಿ ಒಂದು ಕಡೆ, ಮಿಕ್ಸರ್ ಒಂದು ಕಡೆ, ಮೊಮ್ಮಗಳ ಫೋನು ಎಲ್ಲ ಕಡೆ. ಲೈಬ್ರರಿಗೆ ಹತ್ತುವ ಮೆಟ್ಟಿಲಿಲ್ಲ, ಫ್ಯಾನು ಸರಿಯಾಗಿ ನನ್ನ ಕುರ್ಚಿಯ ಮೇಲೆಯೇ ತಿರುಗುತ್ತದೆ. ಇದನ್ನು ಬರೆಯುತ್ತಿರುವುದೂ ಅದೇ ಕುರ್ಚಿಯಲ್ಲಿ ಕೂತು. ತಪ್ಪಿದ ಒತ್ತಕ್ಷರಗಳನ್ನು ಲೈಬ್ರರಿಯ ಹುಡುಗಿ ತಿದ್ದುತ್ತಾಳೆ. ಮಾತನ್ನು ತಿದ್ದಲು ನಾನು ಬಿಟ್ಟಿಲ್ಲ.

ಆ ಹುಡುಗಿ ಮೈಸೂರಿನವಳು. ನೆರೂಳಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ, ಸೀವುಡ್ಸಿನಲ್ಲಿ ಮನೆ. ವಾರವೆಲ್ಲ ಅಲ್ಲಿ ಪುಸ್ತಕ ಎಣಿಸಿ ಭಾನುವಾರ ಎರಡು ಲೋಕಲ್ ಗಾಡಿ ಬದಲಿಸಿ ಇಲ್ಲಿಗೆ ಬಂದು ಪುಕ್ಕಟೆ ಎಣಿಸುತ್ತಾಳೆ. ಎರಡು ಮಕ್ಕಳ ತಾಯಿ; ನನ್ನ ಪ್ರಕಾರ ಮಂಡಿ ನೋಯದವರೆಲ್ಲ ಹುಡುಗಿಯರು. ನಮ್ಮ ಜೊತೆ ಇನ್ನೊಬ್ಬರಿದ್ದಾರೆ, ಟೀಚರು. ಧಾರವಾಡದವರು, ಕಲ್ಯಾಣದಲ್ಲಿ ಮನೆ. ಶಾಲೆಯಿಂದ ರಿಟೈರಾದ ಮೇಲೆ ಪಾಠ ಹೇಳಲು ಬೇರೆ ಯಾರೂ ಸಿಗದೆ ನಮಗೆ ಹೇಳುತ್ತಾರೆ. ನನಗೂ ಅವರಿಗೂ ಹಳೆಯ ಸ್ನೇಹ, ಅಂದರೆ ಹಳೆಯ ಜಗಳ.

ಲೈಬ್ರರಿಯ ಪುಸ್ತಕಗಳ ವಿವರವೆಲ್ಲ ಹಿಂದೆ ಮರದ ಡ್ರಾಯರಿನೊಳಗೆ ಸಣ್ಣ ಸಣ್ಣ ಕಾರ್ಡಿನಲ್ಲಿತ್ತು. ಅದನ್ನು ಕಂಪ್ಯೂಟರಿಗೆ ಹಾಕುವ ಕೆಲಸ ಹುಡುಗಿಯದು. ನಾನು ಪುಸ್ತಕದ ಧೂಳು ಒರೆಸಿ ಕೊಡುವುದು, ಅವಳು ಟೈಪು ಮಾಡುವುದು, ಟೀಚರು ಅಭಿಪ್ರಾಯ ಹೇಳುವುದು. ಬರೀ ಹಳೇ ಕಾರ್ಡು ನೋಡಿ ಇಳಿಸಿದರೆ ಆಗುವುದಿಲ್ಲವಂತೆ. ಪುಸ್ತಕದ ವಿವರ ಬರೆಯುವುದಕ್ಕೆ ಈಗ ಹೊಸ ನಿಯಮ ಬಂದಿದೆಯಂತೆ, ಜಗತ್ತಿನ ದೊಡ್ಡ ದೊಡ್ಡ ಲೈಬ್ರರಿಗಳಲ್ಲೆಲ್ಲ ಅದೇ ನಡೆಯುವುದಂತೆ. ನನಗೆ ಅರ್ಥವಾದದ್ದು ಇಷ್ಟು: ಪುಸ್ತಕದಲ್ಲಿ ಏನು ಕಾಣುತ್ತದೋ ಅದನ್ನೇ ಬರೆಯಬೇಕು, ತನ್ನ ಜಾಣತನ ಸೇರಿಸಬಾರದು, ಗಿಡ್ಡ ಮಾಡಬಾರದು. ಹಳೇ ಕಾರ್ಡಿನಲ್ಲಿ ‘ಪು.’ ಎಂದು ಇದ್ದದ್ದು ಈಗ ‘ಪುಟಗಳು’ ಆಗಬೇಕು.

ಇನ್ನೊಂದು ವಿಷಯ ಕೇಳಿ ನಾನೂ ಟೀಚರೂ ನಕ್ಕು ನಕ್ಕು ಕೆಮ್ಮಿದೆವು. ಪ್ರತಿಯೊಂದು ಪುಸ್ತಕಕ್ಕೂ ಅದನ್ನು ಓದಲು ಯಾವುದಾದರೂ ಯಂತ್ರ ಬೇಕೋ ಬೇಡವೋ ಎಂದು ಬರೆಯಬೇಕಂತೆ. ಸೀಡಿ ಆದರೆ ಬೇಕು, ಕಾಗದದ ಪುಸ್ತಕವಾದರೆ ಬೇಡ.

“ಬೇಡ ಅಂತ ಹ್ಯಾಂಗ ಬರೀತೀ?” ಎಂದರು ಟೀಚರು. “ನನಗ ಚಾಳೀಸು ಬೇಕು.”

“ಕನ್ನಡಕ ಲೆಕ್ಕಕ್ಕಿಲ್ಲ ಮೇಡಂ.”

“ನನಗೆ ಕನ್ನಡಕವೂ ಬೇಕು, ಟಾರ್ಚೂ ಬೇಕು,” ಎಂದೆ ನಾನು. “ಇವರು ಪಕ್ಕದಲ್ಲಿ ಕೂತರೆ ಕಿವಿಗೆ ಹತ್ತಿಯೂ ಬೇಕು. ಬರಿ ಮಗಾ, ಎಲ್ಲ ಬರಿ.”

“ಅಜ್ಜಿ, ನಗಿಸ್ಬೇಡಿ, ತಪ್ಪಾಗುತ್ತೆ,” ಎಂದು ಹುಡುಗಿ ‘ಬೇಡ’ ಎಂದೇ ಒತ್ತಿದಳು.

ಹೀಗೆ ಒರೆಸುತ್ತಿರುವಾಗ ಒಂದು ಭಾನುವಾರ ನನ್ನ ಕೈಗೆ ‘ಚೆಲ್ಲದ ಡಬ್ಬಿ’ ಬಂತು.

ಅದು ನಾವೇ ಮಾಡಿದ ಪುಸ್ತಕ. ನಮ್ಮ ಗಂಡಂದಿರೆಲ್ಲ ಬೆಳಿಗ್ಗೆ ಎದ್ದು ಗಾಡಿ ಹಿಡಿಯುತ್ತಿದ್ದ ಕಾಲ. ಡೊಂಬಿವಲಿಯಲ್ಲಿ ಬೆಳಗಿನ ಗಾಡಿ ಹತ್ತುವುದೆಂದರೆ ಊಟದ ಡಬ್ಬಿ ನೆಟ್ಟಗೆ ಇರುತ್ತದೆ ಎಂದು ಯಾರೂ ಹೇಳುವ ಹಾಗಿಲ್ಲ. ವಾಲುತ್ತದೆ, ಮಗುಚುತ್ತದೆ, ಯಾರದೋ ಕಂಕುಳಲ್ಲಿ ಸಿಕ್ಕಿ ಚಪ್ಪಟೆಯಾಗುತ್ತದೆ. ಸಾರು ಹಾಕಿ ಕಳಿಸಿದರೆ ಬ್ಯಾಗು, ಅಂಗಿ, ಪಕ್ಕದವನ ಪ್ಯಾಂಟು ಎಲ್ಲಕ್ಕೂ ಒಗ್ಗರಣೆ. ಅದಕ್ಕೆ ಸಂಘದ ಹೆಂಗಸರು ಸೇರಿ ಡಬ್ಬಿ ತಲೆಕೆಳಗಾದರೂ ಚೆಲ್ಲದ ಅಡುಗೆಗಳನ್ನು ಹೇಳಿ ಪುಸ್ತಕ ಮಾಡಿದೆವು. ನನ್ನದು ಚಮಚ ನಿಲ್ಲುವ ಕೊದ್ದೆಲ್. ನಮ್ಮ ಉಡುಪಿ ಕಡೆ ಹುಳಿಗೆ ಕೊದ್ದೆಲ್ ಎನ್ನುತ್ತೇವೆ. ಬೇಳೆಯನ್ನು ಪೂರ್ತಿ ಕರಗಿಸಿ, ತೆಂಗಿನಕಾಯಿ ಜಾಸ್ತಿ ಅರೆದು, ನೀರು ಇಂಗುವವರೆಗೆ ಕುದಿಸಿದರೆ ಚಮಚ ನೆಟ್ಟಗೆ ನಿಲ್ಲುತ್ತದೆ. ನಾನು ಹೇಳಿದೆ, ಟೀಚರು ಬರೆದುಕೊಂಡರು.

ಹುಡುಗಿ ಹಳೇ ಕಾರ್ಡು ತೆಗೆದು ಓದಿದಳು. ಅದರಲ್ಲಿ ಟೀಚರ ಹೆಸರು, ಆಮೇಲೆ ‘ಮತ್ತು ಇತರರು’.

“ನಾನೇ ಮೊದಲನೆಯಾಕಿ,” ಎಂದರು ಟೀಚರು. ನಿಲ್ಲಿಸಿದ್ದರೆ ಅವರು ಟೀಚರಾಗುವುದು ಹೇಗೆ? “ಈಕಿ ಇತರರು.”

“ಆಗಿನ ನಿಯಮ ಹಾಗಿತ್ತು,” ಎಂದಳು ಹುಡುಗಿ. “ಮೂರು ಜನಕ್ಕಿಂತ ಜಾಸ್ತಿ ಬರೆದಿದ್ರೆ ಮೊದಲನೆಯವರ ಹೆಸರು ಮಾತ್ರ, ಮಿಕ್ಕೋರೆಲ್ಲ ಇತರರು. ಹೊಸ ನಿಯಮದಲ್ಲಿ ಎಷ್ಟು ಜನ ಇದ್ರೂ ಎಲ್ಲರನ್ನೂ ಹಾಕ್ಬಹುದು. ಹಾಕ್ತೀನಿ.”

“ನನ್ನದೂ ಬರ್ತದಾ?”

“ಬರುತ್ತೆ ಅಜ್ಜಿ.”

ನನ್ನ ಕೈಯ ಬಟ್ಟೆ ಕೆಳಗೆ ಬಿತ್ತು. ಬಗ್ಗಿ ಎತ್ತುವ ಗೋಜಿಗೆ ಹೋಗಲಿಲ್ಲ. ಕಂಪ್ಯೂಟರಿನೊಳಗೆ ನನ್ನ ಹೆಸರು! ಮಂಡಿ ಕೇಳದಿದ್ದರೂ ಮೇಜಿಗೆ ಒಂದು ಸುತ್ತು ಬಂದೆ. ಹೊರಗಿನ ಟಪರಿಯಿಂದ ಎಲ್ಲರಿಗೂ ಕಟಿಂಗ್ ಚಹಾ ತರಿಸಿದೆ. “ಇತರರು ಚಹಾ ಕುಡಿಸ್ತಾರೆ, ಕುಡೀರಿ,” ಎಂದು ಟೀಚರಿಗೆ ಲೋಟ ಕೊಟ್ಟೆ. ಹುಡುಗಿ ಟಕಟಕ ಒತ್ತಿ, “ನೋಡಿ ಅಜ್ಜಿ, ಇದು ನೀವು,” ಎಂದು ಅಕ್ಷರ ದೊಡ್ಡದು ಮಾಡಿ ತೋರಿಸಿದಳು.

ನಾನು ಬೆರಳಿಟ್ಟು ಓದಿದೆ. ಶ್ರೀ, ಮ, ತಿ. ಅಲ್ಲಿಯವರೆಗೆ ಸರಿ. ಮುಂದಿದ್ದದ್ದು ನನ್ನ ಗಂಡನ ಹೆಸರು.

“ಇದು ಇವರಲ್ವಾ ಮಾರಾಯ್ತಿ?”

“ಪುಸ್ತಕದಲ್ಲಿ ಹೀಗೇ ಇದೆ ಅಜ್ಜಿ.”

ತೆಗೆದು ನೋಡಿದರೆ ಹೌದು. ಮೊದಲ ಪುಟದಲ್ಲಿ ಟೀಚರದ್ದು ಮಾತ್ರ ಅವರ ಸ್ವಂತ ಹೆಸರು, ಪಕ್ಕದಲ್ಲಿ ಬಿ.ಎ. ಉಳಿದ ನಮ್ಮೆಲ್ಲರದು ‘ಶ್ರೀಮತಿ’ ಹಾಕಿ ಮುಂದೆ ಗಂಡನ ಹೆಸರು. ಓದಿದರೆ ಗಂಡಸರ ಕ್ರಿಕೆಟ್ ಟೀಮಿಗೆ ಸೀರೆ ಉಡಿಸಿದ ಹಾಗಿದೆ. ಆಗ ಹಾಗೆಯೇ ಹಾಕುತ್ತಿದ್ದರು, ನಾವೂ ಏನೂ ಹೇಳಿರಲಿಲ್ಲ. ನಮಗೆ ಪುಸ್ತಕ ಬಂದದ್ದೇ ದೊಡ್ಡ ಸುದ್ದಿ.

ನನ್ನ ಮನೆಯ ಲೈಟ್ ಬಿಲ್ಲು ಇವತ್ತಿಗೂ ಇವರ ಹೆಸರಲ್ಲಿ ಬರುತ್ತದೆ. ಇವರು ಹೋಗಿ ವರ್ಷಗಳಾದವು, ಆದರೂ ಬರುತ್ತದೆ. ನನಗೆ ಅದರಲ್ಲಿ ಬೇಸರವೇನಿಲ್ಲ, ಲೈಟು ಉರಿದರೆ ಆಯಿತು. ಆದರೆ ಕೊದ್ದೆಲ್ ನನ್ನದು. ಇವರು ಥಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಇಡೀ ಜನ್ಮ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು; ಹೋಟೆಲಿನ ಊಟ ಸೇರದೆ ನನ್ನ ಡಬ್ಬಿಯನ್ನೇ ಒಯ್ಯುತ್ತಿದ್ದವರು. ಅಡುಗೆಮನೆ ಯಾವ ದಿಕ್ಕಿಗಿದೆ ಎಂದು ಹೋಟೆಲಿನಲ್ಲೂ ನೋಡಲಿಲ್ಲ, ಮನೆಯಲ್ಲೂ ನೋಡಲಿಲ್ಲ. ಒಳ್ಳೆಯವರು, ಆದರೆ ಹಾಲು ಉಕ್ಕುವಾಗ ಎದ್ದು ನಿಂತು ನನ್ನನ್ನು ಕೂಗುವವರು. ಅವರ ಹೆಸರಿಗೆ ಕೊದ್ದೆಲ್ ಬರೆದರೆ ಮೇಲೆ ಅವರಿಗೇ ನಾಚಿಕೆಯಾದೀತು.

“ನನ್ನ ಹೆಸರು ಹಾಕು,” ಎಂದೆ.

“ಕಂಡದ್ದನ್ನೇ ಬರೀಬೇಕು ಅಜ್ಜಿ. ನಾನಾಗಿ ಬದಲಾಯಿಸೋ ಹಾಗಿಲ್ಲ.”

“ಹೆಸರು ಯಾವುದು ಹೇಳು ಮೊದಲ,” ಎಂದರು ಟೀಚರು. “ಇಷ್ಟು ವರ್ಷ ಆತು, ನಾ ಏನಂತ ಕರದೀನಿ ನಿನಗ? ‘ಏ ಉಡುಪಿ’. ಅದನ್ನ ಹಾಕಿಸೋಣೇನು?”

ಅದೂ ಒಂದು ಕಥೆಯೇ. ನನ್ನ ಅಪ್ಪ ಅಮ್ಮ ಇಟ್ಟ ಹೆಸರೂ ನನ್ನ ಅತ್ತೆಯ ಹೆಸರೂ ಒಂದೇ. ಒಂದೇ ಮನೆಯಲ್ಲಿ ಇಬ್ಬರಿದ್ದರೆ ಸೊಸೆಯನ್ನು ಕರೆದಾಗ ಅತ್ತೆ ಓಗೊಡಬೇಕು, ಸೊಸೆಗೆ ಬೈದರೆ ಅತ್ತೆಗೆ ತಾಗಬೇಕು. ನಡೆಯುವ ಮಾತಲ್ಲ. ಅದಕ್ಕೆ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸಿದರು. ಮಾರನೇ ದಿನ ಆ ಅಕ್ಕಿಯನ್ನೇ ಅನ್ನ ಮಾಡಿ ಬಡಿಸಿದರು, ಹೆಸರೂ ಅಲ್ಲಿಗೇ ಜೀರ್ಣವಾಯಿತು. ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಅದನ್ನು ಯಾರೂ ಬಳಸಿದ್ದು ನನಗೆ ನೆನಪಿಲ್ಲ. ಅತ್ತೆ ‘ಏ ಹುಡುಗಿ’ ಎನ್ನುತ್ತಿದ್ದರು, ಇವರು ‘ಇಲ್ಲಿ ಕೇಳು’ ಎನ್ನುತ್ತಿದ್ದರು. ಡೊಂಬಿವಲಿಗೆ ಬಂದ ಮೇಲೆ ಬಿಲ್ಡಿಂಗಿನವರು ‘ಹೋಟೆಲ್‌ವಾಲಿ ವಹಿನಿ’, ಅಂದರೆ ಹೋಟೆಲಿನ ಅತ್ತಿಗೆ, ಎಂದರು. ನಾನು ಚಟ್ನಿಪುಡಿ ಮಾಡಿ ಹಂಚಲು ಹಿಡಿದ ಮೇಲೆ ಸಂಘದವರಿಗೆ, ವಾಚ್‌ಮನ್‌ಗೆ, ತರಕಾರಿಯವನಿಗೆ, ಎಲ್ಲರಿಗೂ ಪುಡಿ ಅಜ್ಜಿ.

ಇದನ್ನೆಲ್ಲ ಹೇಳಿದ್ದೇ ಹುಡುಗಿಯ ಕಣ್ಣು ಅಗಲವಾಯಿತು. “ಒಂದು ದಾರಿ ಇದೆ ಅಜ್ಜಿ. ಒಬ್ಬರಿಗೆ ಬೇರೆ ಬೇರೆ ಹೆಸರು ಇದ್ರೆ, ಜನ ಯಾವ ಹೆಸರಿಂದ ಹೆಚ್ಚು ಗುರುತಿಸ್ತಾರೋ ಅದನ್ನ ಮುಖ್ಯ ಹೆಸರು ಅಂತ ಆರಿಸ್ಬಹುದು.”

“ಹಾಗೆ ಹೇಳು! ಆರಿಸು, ಆರಿಸು.”

“ಅಂದ್ರೆ...” ಹುಡುಗಿ ಟೀಚರ ಮುಖ ನೋಡಿದಳು. “ಪುಡಿ ಅಜ್ಜಿ.”

ಟೀಚರು ಚಹಾ ನೆತ್ತಿಗೇರಿಸಿಕೊಂಡರು. ಸಾಯುವುದೊಂದು ಬಾಕಿ, ಅಷ್ಟು ನಕ್ಕರು. “ಹಾಕವ್ವಾ ಹಾಕು! ಜಗತ್ತಿನ ಲೈಬ್ರರಿಯೊಳಗ ಪುಡಿ ಅಜ್ಜಿ!”

ನಾನು ಬಟ್ಟೆ ಎತ್ತಿ ಮೇಜಿನ ಮೇಲೆ ಬಿಸಾಡಿ ಮನೆಗೆ ಬಂದೆ. ಮುಂದಿನ ಭಾನುವಾರ ಹೋಗಲಿಲ್ಲ. ಹುಡುಗಿಗೆ ಎಂದು ಕಟ್ಟಿಟ್ಟಿದ್ದ ಚಟ್ನಿಪುಡಿಯನ್ನು ಲಿಫ್ಟಿನವನಿಗೆ ಕೊಟ್ಟೆ.

ಆಮೇಲೆ ಒಂದು ದಿನ ನಾನು ಕೊತ್ತಂಬರಿ ಬಿಡಿಸುತ್ತಿರುವಾಗ ಹುಡುಗಿಯ ಫೋನು. ನೆರೂಳಿನ ಕಾಲೇಜಿನಿಂದಲೇ ಮಾಡಿದ್ದಳು, ಪಿಸುಪಿಸು ಮಾತಾಡುತ್ತಿದ್ದಳು. ಲೈಬ್ರರಿಯಲ್ಲಿ ಜೋರಾಗಿ ಮಾತಾಡಬಾರದಲ್ಲ.

“ಅಜ್ಜಿ, ಸಿಕ್ತು. ನಿಯಮದಲ್ಲೇ ಇದೆ. ಒಬ್ಬರು ಹೆಸರು ಬದಲಾಯಿಸ್ಕೊಂಡಿದ್ರೆ, ಕೊನೇದಾಗಿ ಯಾವ ಹೆಸರಲ್ಲಿ ಪುಸ್ತಕ ಬಂದಿದ್ಯೋ ಅದೇ ಮುಖ್ಯ ಹೆಸರು. ಹಳೇ ಹೆಸರಲ್ಲಿ ಹುಡುಕಿದ್ರೂ ಅದು ಹೊಸ ಹೆಸರಿಗೇ ಕಳಿಸುತ್ತೆ.”

“ಹಾಗಾದರೆ ಕಳಿಸು.”

“ಅದಕ್ಕೆ ನೀವು ಇನ್ನೊಂದು ಪುಸ್ತಕ ಬರೀಬೇಕು ಅಜ್ಜಿ. ನಿಮ್ಮ ಹೆಸರು ಹಾಕಿ.”

ನಾನು ಕೊತ್ತಂಬರಿಯನ್ನೂ ಬೇರನ್ನೂ ಒಟ್ಟಿಗೆ ಪಾತ್ರೆಗೆ ಹಾಕಿದೆ. ಪುಸ್ತಕ! ಮೂರನೇ ಕ್ಲಾಸು! ಸಣ್ಣ ಪುಸ್ತಕ ಆದರೂ ಸಾಕಂತೆ. ಪಿನ್ ಹೊಡೆದರೂ ಪುಸ್ತಕವೇ ಅಂತೆ. “ಕಂಡದ್ದನ್ನು ಬರೀತೀನಿ ಅಂದ್ನಲ್ಲ, ಕಾಣೋ ಹಾಗೆ ಮಾಡಿ ಕೊಡಿ,” ಎಂದಳು. ಫೋನು ಇಟ್ಟ ಮೇಲೆ ನಾನು ಒಬ್ಬಳೇ ಅಡುಗೆಮನೆಯಲ್ಲಿ ನಗುತ್ತಿದ್ದದ್ದನ್ನು ನೋಡಿ ಮೊಮ್ಮಗಳು, “ಆಜಿ, ಸಬ್ ಠೀಕ್ ಹೈ ನಾ?” ಎಂದು ಕೇಳಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ, ಓದಲು ಮೊದಲೇ ಬರುವುದಿಲ್ಲ. “ತೇರಿ ಆಜಿ ಪುಸ್ತಕ್ ಲಿಖ್ತಿ,” ಎಂದೆ. ಜ್ವರ ಇದೆಯಾ ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ಏನು ಪುಸ್ತಕ ಎಂಬುದಕ್ಕೆ ನಾನು ತಲೆ ಕೆರೆದುಕೊಳ್ಳಲಿಲ್ಲ. ಡಬ್ಬಿ ಕಟ್ಟಬೇಕಾದವರು ಮನೆಯಲ್ಲಿ ಈಗ ಯಾರೂ ಇಲ್ಲ, ಮೊಮ್ಮಗಳು ಆಫೀಸಿನಲ್ಲೇ ತಿನ್ನುತ್ತಾಳೆ. ಆದರೂ ನನ್ನ ಕೈ ಅಭ್ಯಾಸಬಲದಿಂದ ಎಲ್ಲವನ್ನೂ ಗಟ್ಟಿ ಮಾಡುತ್ತಿತ್ತು. ಎಷ್ಟು ವರ್ಷ ಚಮಚ ನಿಲ್ಲಿಸಿದ್ದು! ಸಾಕು. ಇನ್ನು ಚೆಲ್ಲಲಿ. ತಿಳಿಸಾರು, ತಂಬುಳಿ, ನೀರುಮಜ್ಜಿಗೆ, ಗಸಗಸೆ ಪಾಯಸ, ಕಟ್ಟಿನ ಸಾರು. ತಟ್ಟೆಯಲ್ಲಿ ಓಡಬೇಕು, ಮೊಣಕೈವರೆಗೆ ಇಳಿಯಬೇಕು. ಪುಸ್ತಕದ ಹೆಸರು ‘ಚೆಲ್ಲುವ ಅಡುಗೆ’.

ಟೀಚರಿಗೆ ಫೋನು ಮಾಡಿ ಬರೆದುಕೊಳ್ಳಬೇಕು ಎಂದೆ.

“ನಾ ಯಾಕ ಬರೀಲಿ? ನಿನ್ನ ಹೆಸರು ಮುಂದ, ನಾ ಇತರರು?”

“ಇಲ್ಲ ಟೀಚರೇ. ಹೊಸ ನಿಯಮದಲ್ಲಿ ಯಾರು ಯಾವ ಕೆಲಸ ಮಾಡಿದ್ದಾರೆ ಅಂತ ಬೇರೆ ಬೇರೆ ಹೇಳ್ತಾರಂತೆ. ನಾನು ಹೇಳಿದವಳು, ನೀವು ಬರೆದುಕೊಂಡವರು. ಚಿತ್ರ ಬರೆದರೆ ಅದಕ್ಕೂ ಒಂದು ಉಂಟು.”

“ಚಿತ್ರಾನೂ ನಾನೇ ತಗೀತೀನಿ,” ಎಂದರು ತಕ್ಷಣ. “ಒಂದು ಬದನೀಕಾಯಿ ತಗದ್ರ ಎರಡು ಕಡೆ ಬರ್ತದ ಹೌದಲ್ಲೋ ಹೆಸರು?”

ಟೈಪು ಮಾಡುವುದು ಸೀವುಡ್ಸಿನಲ್ಲಿ ಹುಡುಗಿಯ ಮನೆಯಲ್ಲಿ ಎಂದಾಯಿತು. ಒಂದು ಶನಿವಾರ ಹೊರಟೆವು. ಟೀಚರು ಕಲ್ಯಾಣದಿಂದ ಹತ್ತಿ ನನಗೆ ಕರವಸ್ತ್ರ ಹಾಸಿ ಜಾಗ ಹಿಡಿದಿದ್ದರು. ಥಾಣೆಯಲ್ಲಿ ಇಳಿದು ಪನವೇಲ್ ಗಾಡಿ ಹಿಡಿದೆವು. ಹೆಂಗಸರ ಬೋಗಿ, ಮಧ್ಯಾಹ್ನವಾದ್ದರಿಂದ ಕಿಟಕಿ ಸಿಕ್ಕಿತು. ಸಮಯ ಹಾಳು ಮಾಡುವುದು ಯಾಕೆ ಎಂದು ನಾನು ಹೇಳಲು ಶುರು ಮಾಡಿದೆ, ಟೀಚರು ತೊಡೆಯ ಮೇಲೆ ಕಾಗದ ಇಟ್ಟು ಬರೆಯತೊಡಗಿದರು.

“ತಿಳಿಸಾರು. ಬೇಳೆ ಕಟ್ಟು ಬಸಿದು, ಟೊಮೆಟೊ ಕಿವುಚಿ, ಮೆಣಸು ಜೀರಿಗೆ ಕುಟ್ಟಿ ಹಾಕಬೇಕು. ಒಗ್ಗರಣೆಗೆ ಇಂಗು.”

“ಇಂಗು ಒಗ್ಗರಣಿಗಲ್ಲ, ಕುದಿಯೊಳಗ ಹಾಕಬೇಕು.”

“ಬರೆದುಕೊಂಡವರು ಬರೆದುಕೊಳ್ಳಬೇಕು ಟೀಚರೇ. ಕಂಡದ್ದನ್ನು ಬರೀಬೇಕು, ಜಾಣತನ ಸೇರಿಸಬಾರದು.”

“ತಪ್ಪು ಹೇಳಿದ್ರ?”

“ತಪ್ಪನ್ನೇ ಬರೀರಿ!”

ಎದುರಿಗೆ ಕೂತಿದ್ದ ಮರಾಠಿ ಹೆಂಗಸು, “ಆಜಿ, ಕಾಯ್ ಲಿಹಿತಾಯ್?” ಎಂದಳು. ಪುಸ್ತಕ ಬರೆಯುತ್ತಿದ್ದೇವೆ ಎಂದೆ, ಚೆಲ್ಲುವ ಅಡುಗೆಯದ್ದು. ಅಷ್ಟೇ ಸಾಕಾಯಿತು. ಅವಳು ತನ್ನ ಬೇಳೆಯ ಆಮ್ಟಿ ಹೇಳಿದಳು. ಅವಳ ಪಕ್ಕದವಳು ಅದು ತಪ್ಪು, ಬೆಲ್ಲ ಕೊನೆಗೆ ಹಾಕಬೇಕು ಎಂದಳು. ಒಬ್ಬ ಗುಜರಾತಿ ಹುಡುಗಿ ಕಿವಿಯ ವೈರು ತೆಗೆದು ಮಜ್ಜಿಗೆಯ ಕಢಿಯ ಬಗ್ಗೆ ಭಾಷಣ ಮಾಡಿದಳು. ಬಾಗಿಲಲ್ಲಿ ಕೂತಿದ್ದ ಮೀನಿನ ಬುಟ್ಟಿಯವಳು ಅಲ್ಲಿಂದಲೇ, “ಹಿಂಗ್ ಶೇವಟಿ!” ಎಂದು ಕೂಗಿದಳು, ಇಂಗು ಕೊನೆಗೆ ಎಂದು. ನಾನು ಟೀಚರ ಮುಖ ನೋಡಿ ಗೆದ್ದೆ ಎಂದು ಚಪ್ಪಾಳೆ ತಟ್ಟಿದೆ. ಟೀಚರು ಮೀನಿನವಳ ಜೊತೆ ವಾದಕ್ಕೆ ನಿಂತರು. ಈ ಗಲಾಟೆಯಲ್ಲಿ ನೆರೂಳ ಹೋಯಿತು, ಸೀವುಡ್ಸೂ ಹೋಯಿತು. ಬೇಲಾಪುರದಲ್ಲಿ ಯಾರೋ, “ಆಜಿ, ಕುಠೆ ಉತರಾಯ್ಚಂ?” ಎಂದು ಕೇಳಿದಾಗಲೇ ನಮಗೆ ಇಳಿಯುವುದು ನೆನಪಾದದ್ದು. ಇಳಿದು, ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು, ಉಸಿರು ಸಿಗುವವರೆಗೆ ನಕ್ಕು, ವಾಪಸು ಹೋಗುವ ಗಾಡಿ ಹಿಡಿದೆವು.

ಹುಡುಗಿಯ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು. ಅಡುಗೆಗಳೆಲ್ಲ ಮುಗಿದು ಮೊದಲ ಪುಟಕ್ಕೆ ಬಂದೆವು. ‘ಚೆಲ್ಲುವ ಅಡುಗೆ’ ಎಂದು ಹೊಡೆದು ಹುಡುಗಿ ಬೆರಳು ಎತ್ತಿ ಕೂತಳು.

“ಹೇಳಿದವರು? ಹೆಸರು ಹೇಳಿ ಅಜ್ಜಿ.”

ಅಪ್ಪ ಅಮ್ಮ ಇಟ್ಟ ಹೆಸರು ಹೇಳಿದೆ. ಹೇಳುವಾಗ ನನಗೇ ಬೇರೆ ಯಾರದೋ ಹೆಸರು ಹೇಳಿದ ಹಾಗಾಯಿತು. ಅತ್ತೆ ಎಲ್ಲಿಂದಲಾದರೂ ‘ಆಂ?’ ಎಂದು ಓಗೊಟ್ಟಾರೋ ಎಂದು ಬಾಗಿಲ ಕಡೆ ನೋಡಿದೆ. ಒಳಗೆ ಕುಕ್ಕರ್ ಕೂಗಿತು ಅಷ್ಟೆ.

“ಇದೇನ ನಿನ್ನ ಹೆಸರು?” ಎಂದರು ಟೀಚರು. “ಚಂದ ಅದಲ್ಲ ಯವ್ವಾ! ಇಷ್ಟು ದಿವಸ ಎಲ್ಲಿ ಮುಚ್ಚಿಟ್ಟಿದ್ದಿ?”

“ನೀವು ಕೇಳಲೇ ಇಲ್ಲ.”

ಹುಡುಗಿ ಏನೋ ಹುಡುಕಿ ತುಟಿ ಕಚ್ಚಿದಳು. ಅದೇ ಹೆಸರಿನ ಇನ್ನೊಬ್ಬರು ಆಗಲೇ ನಮ್ಮ ಲೈಬ್ರರಿಯ ಕಂಪ್ಯೂಟರಿನಲ್ಲಿದ್ದಾರಂತೆ, ಕಾದಂಬರಿ ಬರೆದವರು. ಇಬ್ಬರನ್ನೂ ಬೇರೆ ಮಾಡಲು ಹುಟ್ಟಿದ ವರ್ಷವೋ ವೃತ್ತಿಯೋ ಬೇಕಂತೆ. ನೋಡಿ, ಈ ಹೆಸರು ಹಿಡಿದರೆ ಎಲ್ಲಿ ಹೋದರೂ ಮೊದಲೇ ಒಬ್ಬರು ಕೂತಿರುತ್ತಾರೆ!

“ಹುಟ್ಟಿದ ವರ್ಷ?”

“ಆಧಾರ್ ಕಾರ್ಡಿನಲ್ಲಿ ಒಂದು ಉಂಟು. ಅದು ಇವರು ಅಂದಾಜಿನಲ್ಲಿ ಹೇಳಿದ್ದು. ಅಮ್ಮ ಹೇಳ್ತಿದ್ದದ್ದು ಬೇರೆ. ನನಗೆ ಎರಡರ ಮೇಲೂ ನಂಬಿಕೆ ಇಲ್ಲ.”

“ಹಾಗಾದ್ರೆ ವೃತ್ತಿ?”

“ಅಡುಗೆ ಲೇಖಕಿ,” ಎಂದೆ.

“ಲೇಖಕಿ!” ಟೀಚರು ಮೇಜು ಕುಟ್ಟಿದರು. “ಬ್ಯಾಂಕಿನೊಳಗ ಸಹಿ ಮಾಡೂದಕ್ಕ ಎರಡು ಸಲ ಪೆನ್ನು ಜಾಡಸ್ತಾಳ, ಲೇಖಕಿ!”

“ಹಾಕು ಮಗಾ,” ಎಂದೆ. ಹಾಕಿದಳು.

ವಿಠ್ಠಲವಾಡಿಯಲ್ಲಿ ‘ಚೆಲ್ಲದ ಡಬ್ಬಿ’ಯ ಇನ್ನೊಬ್ಬಳಿದ್ದಾಳೆ, ಉಪ್ಪು ಹುಳಿ ಅವಲಕ್ಕಿ ಹೇಳಿದವಳು. ಅವಳಿಗೂ ಈ ಸುಖ ಸಿಗಲಿ ಎಂದು ಅಲ್ಲಿಂದಲೇ ಫೋನು ಮಾಡಿಸಿದೆ. ನಿನ್ನ ಸ್ವಂತ ಹೆಸರೂ ಹಾಕಿಸಬಹುದು, ನೀನೂ ಒಂದು ಪುಸ್ತಕ ಮಾಡು ಎಂದೆ. “ನಂಗೆಂತಕ್ಕೆ ಮಾರಾಯ್ತಿ?” ಎಂದಳು. “ನನ್ನ ಹೆಸರು ಕೇಳಿದರೆ ಎಮ್ಮೆ ಕರೆದ ಹಾಗೆ ಆಗ್ತದೆ. ಗಂಡನದ್ದೇ ಚಂದ, ಅದೇ ಇರಲಿ.” ಸರಿ, ಅವಳ ಇಷ್ಟ. ಅವಳ ಗಂಡನ ಹೆಸರು ನಿಜಕ್ಕೂ ಚಂದವೇ.

ಪ್ರಿಂಟು ಹಾಕಿಸಿ ಪಿನ್ ಹೊಡೆಸುವುದು ಡೊಂಬಿವಲಿ ಸ್ಟೇಷನ್ನಿನ ಹೊರಗಿನ ಝೆರಾಕ್ಸ್ ಅಂಗಡಿಯಲ್ಲಿ. ಮೊಮ್ಮಗಳು ಆಫೀಸಿನಿಂದ ಬರುವಾಗ ತಾನೇ ಮಾಡಿಸಿ ತರುತ್ತೇನೆ ಎಂದಳು. ಶನಿವಾರ ಸಂಜೆ ಕಟ್ಟು ತಂದಳು, ಬೆನ್ನ ಹಿಂದೆ ಬಚ್ಚಿಟ್ಟುಕೊಂಡು.

“ಆಜಿ, ಸರ್‌ಪ್ರೈಜ್! ಕವರ್ ಮೈನೆ ಬನಾಯಾ.”

ತೆಗೆದು ನೋಡಿದೆ. ಬಣ್ಣ ಬಣ್ಣದ ಹೊದಿಕೆ. ಕೊಡೆ ಹಿಡಿದ ಹಾಗೆ ಮೆಣಸಿನಕಾಯಿ ಹಿಡಿದ ಒಂದು ಮುದುಕಿಯ ಚಿತ್ರ. ಅದರ ಕೆಳಗೆ ಮರಾಠಿ ಅಕ್ಷರದಲ್ಲಿ, ಇಷ್ಟಗಲ ದಪ್ಪಕ್ಕೆ: ಪುಡಿ ಆಜಿ.

ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದೆ. ಲೈಬ್ರರಿಯ ಹುಡುಗಿ ಕಂಡದ್ದನ್ನೇ ಬರೆಯುವವಳು. ಕಾಣುವುದು ಇದು. ಎಲ್ಲ ಪ್ರತಿಗೂ ಇದೇ ಹೊದಿಕೆ, ಪಿನ್ನೂ ಹೊಡೆದಾಗಿದೆ.

“ಮಸ್ತ್ ಹೈ ನಾ? ಸಬ್ ಲೋಗ್ ತುಮ್ಹೆ ಯಹೀ ಬುಲಾತೆ ಹೈ,” ಎಂದು ಅವಳು ಕುಣಿಯುತ್ತಿದ್ದಳು, ಎಲ್ಲರೂ ನನ್ನನ್ನು ಕರೆಯುವುದು ಹೀಗೇ ಅಲ್ಲವೇ ಎಂದು. ಬೈಯಲು ಬಾಯಿ ತೆರೆದೆ. ಚಿತ್ರದ ಮುದುಕಿಗೆ ನನ್ನದೇ ಮೂಗು ಬರೆದಿದ್ದಳು, ಮೂಗುಬೊಟ್ಟಿನ ಸಮೇತ. ಬಾಯಿ ಮುಚ್ಚಿದೆ. “ಏಕ್‌ದಂ ಮಸ್ತ್,” ಎಂದೆ. ಹೊದಿಕೆ ಹರಿದು ಹಾಕೋಣವೆಂದು ಒಂದರ ಪಿನ್ನು ಎಳೆದು ನೋಡಿದೆ, ಒಳಗಿನ ಪುಟವೂ ಬಿಟ್ಟು ಬಂತು. ಕೈಬಿಟ್ಟೆ.

ಭಾನುವಾರ ಲೈಬ್ರರಿಯಲ್ಲಿ ಪುಸ್ತಕವನ್ನು ಮೇಜಿನ ಮೇಲೆ ಕವುಚಿ ಇಟ್ಟೆ. ಟೀಚರು ಅದನ್ನು ತಿರುಗಿಸಿ ನೋಡಿ, ತಮ್ಮ ಬಾಯಿಗೆ ತಾವೇ ಸೆರಗು ತುಂಬಿಕೊಂಡರು.

“ಆತು ಬಿಡು,” ಎಂದರು ಸೆರಗಿನ ಒಳಗಿಂದ. “ಎಷ್ಟು ಸುತ್ತಿದ್ರೂ ಪುಡಿ ಅಜ್ಜಿಗೇ ಬಂತು.”

“ಮಗಾ, ನಿಜ ಹೇಳು,” ಎಂದೆ ಹುಡುಗಿಗೆ. “ಇದನ್ನೇ ಬರೀಬೇಕಾ?”

ಹುಡುಗಿ ಹೊದಿಕೆ ನೋಡಿದಳು. ಕೆನ್ನೆಯೊಳಗೆ ನಗು ಹಿಡಿದುಕೊಂಡು ಮಗುಚಿದಳು. “ಅಜ್ಜಿ, ಹೆಸರು ತಗೊಳೋದು ಹೊದಿಕೆಯಿಂದ ಅಲ್ಲ. ಮೊದಲು ನೋಡೋದು ಒಳಗಿನ ಮೊದಲ ಪುಟ, ಎಲ್ಲ ವಿವರ ಇರೋದು. ಅದು ಇಲ್ಲದಿದ್ರೆ ಮಾತ್ರ ಹೊದಿಕೆ.”

“ಒಳಗಿನ ಪುಟ ಉಂಟಲ್ಲ!”

“ಇದೆ. ಚೆನ್ನಾಗೇ ಇದೆ.”

“ನಿನ್ನೆ ಪುಟ ಬಿಟ್ಟು ಬಂದ ಪ್ರತಿ ಒಂದಿದೆ, ಅದು ಇದಲ್ಲವಲ್ಲ ನೋಡು!” ಎಂದು ನಾನು ಎದ್ದೇ ನಿಂತೆ. ಅಲ್ಲ, ಅದು ಮನೆಯಲ್ಲಿತ್ತು.

ಹುಡುಗಿ ಟೈಪು ಮಾಡಿದಳು. ಪುಸ್ತಕದ ಹೆಸರು. ಹೇಳಿದವರು, ನಾನು. ಬರೆದುಕೊಂಡವರು ಟೀಚರು, ಚಿತ್ರವೂ ಟೀಚರು. ಹೊದಿಕೆಯ ಚಿತ್ರಕ್ಕೆ ನನ್ನ ಮೊಮ್ಮಗಳ ಹೆಸರನ್ನೂ ಕೇಳಿ ಹಾಕಿದಳು. ಓದಲು ಯಂತ್ರ ಬೇಡ. ಪುಟಗಳು ಎಂದು ಪೂರ್ತಿ ಬರೆದಳು. ಆಮೇಲೆ ಹಳೆಯ ‘ಚೆಲ್ಲದ ಡಬ್ಬಿ’ ತೆರೆದಳು. ಅಲ್ಲಿ ಪುಸ್ತಕದ ಪುಟದಲ್ಲಿ ಅಚ್ಚಾದದ್ದು ಅಚ್ಚಾದ ಹಾಗೆಯೇ ಉಳಿಯುತ್ತದಂತೆ, ಶ್ರೀಮತಿ ಮತ್ತು ಇವರು. ಅದನ್ನು ಮುಟ್ಟುವ ಹಾಗಿಲ್ಲ. ಆದರೆ ಆ ಶ್ರೀಮತಿ ಯಾರು ಎಂದು ಹೇಳುವ ಜಾಗದಲ್ಲಿ ನನ್ನ ಹೆಸರು ಕೂರಿಸಿದಳು. ಬೇರೆ ಹೆಸರುಗಳ ಪಟ್ಟಿಗೆ ಅಕ್ಕಿಯ ಹೆಸರು, ಪುಡಿ ಆಜಿ, ಎಲ್ಲ ಸೇರಿಸಿದಳು.

“ಈಗ ನೀವೇ ಹುಡುಕಿ ಅಜ್ಜಿ. ಯಾವುದಾದ್ರೂ ಹೆಸರು ಹೊಡೀರಿ.”

ನನಗೆ ಅಕ್ಷರ ಸಿಗಲು ಹೊತ್ತಾಯಿತು. ಒಂದೊಂದೇ ಒತ್ತಿದೆ. ಮೊದಲು ಪುಡಿ ಆಜಿ ಹೊಡೆದೆ. ಕಂಪ್ಯೂಟರು ನನ್ನ ಹೆಸರು ತೋರಿಸಿ ‘ಇವರನ್ನು ನೋಡಿ’ ಎಂದಿತು. ಟೀಚರು, “ಗಂಡನ ಹೆಸರು ಹೊಡಿ,” ಎಂದು ನನ್ನ ತೋಳು ಚಿವುಟಿದರು.

ಶ್ರೀಮತಿ ಹಾಕಿ ಇವರ ಹೆಸರು ಹೊಡೆದೆ. ಹಿಂದೆ ಹಳ್ಳಿಯಿಂದ ನನಗೆ ಯಾರಾದರೂ ಕಾಗದ ಹಾಕಿದರೂ ಮೇಲೆ ಇವರ ಹೆಸರು ಬರೆಯಬೇಕಿತ್ತು, ಇವರನ್ನು ಹುಡುಕಿದರೆ ನಾನು ಸಿಗುತ್ತಿದ್ದೆ, ಸಿಕ್ಕರೂ ಒಳಗೆ ಚಹಾ ಮಾಡುತ್ತಿದ್ದೆ. ಈಗ ಇವರ ಹೆಸರಿನ ಕೆಳಗೆ ಸಣ್ಣ ಗೆರೆ ಬಂತು, ಅದರ ಮುಂದೆ ನನ್ನ ಹೆಸರು. ಇವರನ್ನು ನೋಡಿ.

ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಫ್ಯಾನು ತಿರುಗುತ್ತಿತ್ತು. ಟೀಚರು ಸೆರಗು ತೆಗೆದು ಗೊಳ್ಳೆಂದು ನಕ್ಕರು, ಹುಡುಗಿ ನಕ್ಕಳು, ಪೇಪರ್ ಓದಲು ಬಂದಿದ್ದ ಗಂಡಸರಿಬ್ಬರು ತಲೆ ಎತ್ತಿ ಏನಾಯಿತು ಎಂದು ನೋಡಿದರು.

ನನ್ನ ಹೆಸರು ಏನು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಬಂದು ನನ್ನ ಗಂಡನನ್ನು ಹುಡುಕಲಿ.

“ಇನ್ನೊಂದು ಸಲ ಹೊಡಿ ಮಗಾ,” ಎಂದೆ. “ಮೇಲೆ ಇವರಿಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ.”